ಹದಿನೇಳನೇ ನಂಬರ್ ಟ್ರಾಮ್ ನಿಂತದ್ದು ಯಾಕೆ

ಶಾನ್ಲಿ ಗುಡ್ಡ, ಕಾಲ್ವರ್ಟನ್,
ಪೆನ್ಸಿಲ್ವೇನಿಯಾ
8 ಮಾರ್ಚ್ 1999, ಸೋಮವಾರ

ಪ್ರೀತಿಯ ಇಲ್ಕೊ ಅಣ್ಣಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಮಾತ್ರ ನೋವು ಎಂದು ಕ್ರಿಸ್ಮಸ್ ಕಾರ್ಡಿನಲ್ಲಿ ಬರೆದಿದ್ದೆ. ಈ ಗುಡ್ಡದ ಮೆಟ್ಟಿಲು ಸಾಕಾಗಿ ದೇಶದ ಆ ತುದಿಗೆ ಹೋದವನಿಗೆ ಸ್ಪೋಕೇನಿನಲ್ಲೂ ಮೆಟ್ಟಿಲೇ ಗಂಟುಬಿತ್ತಲ್ಲ. ಲೊರೇನ್ ಅತ್ತಿಗೆಯ ಕೆಮ್ಮು ಇಳಿಯಿತೇ? ಬೆಳ್ಳುಳ್ಳಿಯನ್ನು ಜೇನಿನಲ್ಲಿ ನೆನೆಸಿಟ್ಟು ಕೊಡು. ಅವಳು ಮೂಗು ಮುಚ್ಚಿಕೊಂಡರೂ ಬಿಡಬೇಡ, ಅಮ್ಮ ನಮ್ಮನ್ನು ಬಿಟ್ಟಿದ್ದಳೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈಸ್ಟರ್ ಉಪವಾಸದ ಮೂರನೇ ವಾರ ಶುರುವಾಗಿದೆ. ಮಾಂಸವಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ನಮ್ಮ ಪೀಟರ್ ತಟ್ಟೆ ನೋಡಿದಾಗಲೆಲ್ಲ "ಇನ್ನೊಂದು ವಾರ ಕೋಸು ತಿಂದ್ರೆ ನನ್ನನ್ನೇ ಹೆಚ್ಚಿ ಬೇಯಿಸ್ಬೋದು ನೀನು" ಎನ್ನುತ್ತಾನೆ. ಮದುವೆಯಾಗಿ ಮೂವತ್ತನಾಲ್ಕು ವರ್ಷದಿಂದ ಇದೇ ಮಾತು, ಇದೇ ಕೋಸು.

ಲಕೋಟೆ ದಪ್ಪವಿದೆ ಎಂದು ಹೆದರಬೇಡ, ಯಾರೂ ಸತ್ತಿಲ್ಲ. ಗೆದ್ದಿದ್ದೇವೆ. ಏನು ಗೆದ್ದೆವೆಂದು ಮೊದಲಿನಿಂದ ಹೇಳುತ್ತೇನೆ. ನೀನು ನಡುವೆ ಹಾಳೆ ಮಡಚಿಟ್ಟು ಎದ್ದುಹೋಗಬಾರದು. ಹದಿನೇಳನೇ ನಂಬರಿನ ಮಾತು ಬಂದರೆ ನೀನು ಫೋನ್ ಇಟ್ಟುಬಿಡುವುದು ನನಗೆ ಗೊತ್ತಿದೆ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ ಎಂದೇ ಬರೆಯುತ್ತಿದ್ದೇನೆ.

ನೀನು ಓಡಿಸುತ್ತಿದ್ದ 312ನೇ ಗಾಡಿ ಬದುಕಿದೆ. ಟ್ರಾಮ್ ನಿಂತ ಮೇಲೆ ಯಾರೋ ರೈತ ಅದನ್ನು ಒಯ್ದು ಈರುಳ್ಳಿ ಒಣಗಿಸಲು ಇಟ್ಟುಕೊಂಡಿದ್ದನಂತೆ. ಇಲ್ಲಿನ ಹಳೇ ಟ್ರಾಮ್ ಸಂಘದವರು ಅದನ್ನು ತಂದು ಒಂಬತ್ತು ವರ್ಷ ಉಜ್ಜಿ, ಬಡಿದು, ಮತ್ತೆ ಆ ಕೆನೆ ಬಣ್ಣ, ಕೆಂಪು ಪಟ್ಟಿ ಬಳಿದಿದ್ದಾರೆ. ಬೇಸಿಗೆಯಲ್ಲಿ ಒಳಗೆ ಕೂತರೆ ಈಗಲೂ ಸಣ್ಣಗೆ ಈರುಳ್ಳಿ ವಾಸನೆ. ಪೇಟೆಯ ಬೀದಿಯ ಹಳಿಗಳು ಡಾಂಬರಿನ ಕೆಳಗೆ ಹೋದವು, ಅವು ಹೋದಹಾಗೇ. ಆದರೆ ಗುಡ್ಡದ ಬುಡದಿಂದ ನಮ್ಮ ಚರ್ಚಿನ ಬಾಗಿಲಿನವರೆಗೆ ಮನೆಗಳ ಹಿಂದೆ ಹಾದುಹೋಗುವ ಆ ಮುಕ್ಕಾಲು ಮೈಲಿ, ತಾತ ಗುದ್ದಲಿ ಹಿಡಿದು ಅಗೆದ ದಾರಿ, ಹುಲ್ಲಿನಡಿ ಹಾಗೇ ಇತ್ತು. ಅದನ್ನು ಬಿಡಿಸಿ, ಕೊಳೆತ ಮರದ ದಿಮ್ಮಿ ಬದಲಿಸಿ, ಮೇಲೆ ತಂತಿ ಎಳೆದಿದ್ದಾರೆ. ಏಪ್ರಿಲ್ ಹತ್ತಕ್ಕೆ, ನಮ್ಮ ಹಳೇ ಪಂಚಾಂಗದ ಈಸ್ಟರ್ ಮುನ್ನಾದಿನದ ಶನಿವಾರ, ಗಾಡಿ ಮೊದಲ ಸಲ ಗುಡ್ಡ ಹತ್ತುತ್ತದೆ. ಬುಟ್ಟಿಗಳ ಶನಿವಾರ.

ಬುಟ್ಟಿಗಳ ಶನಿವಾರ ಎಂದು ಬರೆದ ಕೂಡಲೇ ನನಗೆ ಆ ವಾಸನೆ ಬಂತು ನೋಡು. ಗುಡ್ಡದ ಪ್ರತಿ ಮನೆಯಿಂದಲೂ ಚರ್ಚಿಗೆ ಬುಟ್ಟಿ ಹೋಗುವುದು, ಅದರಲ್ಲಿ ಹಂದಿತೊಡೆ, ಬಣ್ಣದ ಮೊಟ್ಟೆ, ಗುಂಡು ರೊಟ್ಟಿ, ಕಣ್ಣಲ್ಲಿ ನೀರು ತರಿಸುವ ಮೂಲಂಗಿ ತುರಿ. ಪಾದ್ರಿ ನೀರು ಚಿಮುಕಿಸಿ ಹರಸುವವರೆಗೂ, ಮಾರನೇ ದಿನ ಪ್ರಾರ್ಥನೆ ಮುಗಿಯುವವರೆಗೂ ಬೆರಳಿಗೆ ತಾಗಿದ್ದನ್ನೂ ನೆಕ್ಕುವಂತಿಲ್ಲ. ನಲವತ್ತು ದಿನ ಮಾಂಸ ಮುಟ್ಟದ ನೀನು ಅಷ್ಟು ಬುಟ್ಟಿಗಳ ನಡುವೆ ಕೂತು ಗಾಡಿ ಓಡಿಸುತ್ತಿದ್ದೆ. "ಇವತ್ತು ಬ್ರೇಕ್ ಹಿಡಿಯೋದಕ್ಕಿಂತ ಬಾಯಿ ಹಿಡಿಯೋದೇ ಕಷ್ಟ" ಎಂದು ಗಾಡಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದೆ. ಮೆಲಾನಿಯಾ ಬರ್ಕೊ ಬುಟ್ಟಿಯ ಬಟ್ಟೆಯನ್ನು ಬೇಕೆಂದೇ ಸರಿಸಿ ನಿನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅವಳಿಗೀಗ ತೊಂಬತ್ತು. ನಾಲಿಗೆಗೆ ಇನ್ನೂ ಇಪ್ಪತ್ತು.

ಸರಿ, ವಿಷಯಕ್ಕೆ ಬರುತ್ತೇನೆ. ಟ್ರಾಮ್ ಸಂಘದ ಅಧ್ಯಕ್ಷ ಗ್ಲೆನ್ ಪ್ರಾಥರ್ ಎಂಬಾತ, ಹೊಸ ಬಡಾವಣೆಯವನು, ನಿವೃತ್ತ ಎಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ಕಾಗದದಲ್ಲಿರುವುದೇ ವೇದ ಎನ್ನುವ ಜಾತಿ. ಗುಡ್ಡದ ಬುಡದ ನಿಲ್ದಾಣದಲ್ಲಿ ಹದಿನೇಳನೇ ನಂಬರಿನ ಇತಿಹಾಸದ ಬೋರ್ಡು ಹಾಕಬೇಕೆಂದು ಬರೆದು, ಹೆಸರುಗಳು ಸರಿಯಿವೆಯೇ ನೋಡಿ ಎಂದು ಜನವರಿಯಲ್ಲಿ ನಮ್ಮ ಚರ್ಚಿಗೆ ಕಳಿಸಿದ. ಚೆನ್ನಾಗಿಯೇ ಬರೆದಿದ್ದ. 1903ರಲ್ಲಿ ಗಣಿ ಕಂಪನಿ ಹಳಿ ಹಾಕಿಸಿದ್ದು, ಮೊದಲ ದಿನ ಗುಡ್ಡದ ಮುದುಕಿಯರು ಶಿಲುಬೆ ಗುರುತು ಮಾಡಿಕೊಂಡೇ ಹತ್ತಿದ್ದು, ಯುದ್ಧದ ಕಾಲದಲ್ಲಿ ಹೆಂಗಸರು ಗಾಡಿ ಓಡಿಸಿದ್ದು, ಎಲ್ಲ ಇತ್ತು. ಕೊನೆಯ ಸಾಲು ಹೀಗಿತ್ತು: "ಪ್ರಯಾಣಿಕರಿಲ್ಲದ ಕಾರಣ 1964ರಲ್ಲಿ ನಿಂತಿತು." ಕೆಳಗೆ ಗಾಜಿನೊಳಗೆ ಇಡಲು, ಟ್ರಾಮ್ ಕಂಪನಿ ಪ್ರಯಾಣಿಕರನ್ನು ಎಣಿಸಿದ ಒಂದು ಹಾಳೆಯ ನಕಲು. ಮೇ ಒಂದು, 1964, ಶುಕ್ರವಾರ. ದಿನವಿಡೀ ಹತ್ತಿದವರು ನಲವತ್ತೊಂದು ಜನ. ಸರಿಯಿದೆ ಎಂದು ಒಪ್ಪಿದ ಚಾಲಕನ ಸಹಿ, ಇ. ಹ್ರಿಬಾಕ್.

ನಿನ್ನ ಸಹಿಯನ್ನು ಎರಡೆರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಮೂವತ್ತೈದು ವರ್ಷ ಗುಡ್ಡದವರ ಬಾಯಲ್ಲಿ ಇದ್ದದ್ದು ಸಾಲದೆ ಇನ್ನು ಗಾಜಿನ ಪೆಟ್ಟಿಗೆಯಲ್ಲೂ ಕೂರಬೇಕೇ ನಮ್ಮಣ್ಣ? ದಾರಿಹೋಕರೆಲ್ಲ ಓದಿಕೊಂಡು, ಓಹೋ ಇವನೇನಾ ಎನ್ನಬೇಕೇ? ಆ ದಿನ ನಮ್ಮ ಶುಭ ಶುಕ್ರವಾರ ಎಂದು ಪ್ರಾಥರನಿಗೆ ಹೇಳಿದೆ. ಕ್ರಿಸ್ತ ಶಿಲುಬೆ ಹೊತ್ತು ನಡೆದ ದಿನ ನಾವು ಕೂತು ಹೋಗುವುದಿಲ್ಲ, ಅಜ್ಜಿಯ ಕಾಲದಿಂದ ಇಡೀ ಗುಡ್ಡ ನಡೆಯುತ್ತದೆ, ಗಂಡಸರು ಕಾರ್ಖಾನೆಗೆ ಎರಡು ಮೈಲಿ ನಡೆದು ಮತ್ತೆ ಗುಡ್ಡ ಹತ್ತಿ ಬರುತ್ತಾರೆ, ಬೇರೆ ದಿನವಾದರೆ ಸಾವಿರಕ್ಕೆ ಕಡಿಮೆ ಜನ ಹತ್ತುತ್ತಲೇ ಇರಲಿಲ್ಲ ಎಂದೆ. ಅವನು ಮೆಲ್ಲಗೆ ಹಳೇ ಕ್ಯಾಲೆಂಡರ್ ತೆಗೆದ. "ಮೇಡಂ, ಆ ವರ್ಷ ಶುಭ ಶುಕ್ರವಾರ ಮಾರ್ಚ್ ಇಪ್ಪತ್ತೇಳಕ್ಕೇ ಆಗೋಗಿದೆ" ಎಂದ. ಅದು ನಿಮ್ಮದು, ನಮ್ಮದು ಐದು ವಾರ ಆದಮೇಲೆ ಬಂತು ಎಂದೆ. "ಇರಬಹುದು. ಆದ್ರೆ ನಿಮ್ಮ ಗುಡ್ಡದವರೇ ಸಹಿ ಹಾಕಿದ್ದಾರಲ್ಲ, ಅವರಿಗೆ ಗೊತ್ತಿರಲಿಲ್ವಾ?" ಎಂದ.

ಅಣ್ಣಾ, ಇದೇ ಮಾತನ್ನು ಅಪ್ಪನನ್ನೂ ಕೇಳಿದ್ದರು, ಅಕ್ಷರ ಬದಲಾಗದೆ. ಟ್ರಾಮ್ ನಿಲ್ಲಿಸಬೇಕೇ ಬೇಡವೇ ಎಂದು ಆ ಜೂನಿನಲ್ಲಿ ನಡೆದ ವಿಚಾರಣೆಯಲ್ಲಿ, ಕಾರ್ಖಾನೆಯ ಪಾಳಿ ನಡೆಯುವ ಹೊತ್ತಿಗೇ ಇಟ್ಟಿದ್ದ ವಿಚಾರಣೆಯಲ್ಲಿ, ಗುಡ್ಡದ ಪರವಾಗಿ ನಿಂತವನು ಅಪ್ಪನೊಬ್ಬನೇ. ಭಾನುವಾರದ ಕೋಟು ಹಾಕಿಕೊಂಡು, ಮಾತನ್ನು ಮೂರು ದಿನ ಕನ್ನಡಿ ಮುಂದೆ ಹೇಳಿ ಕಲಿತು ಹೋಗಿದ್ದ. ಟ್ರಾಮ್ ಕಂಪನಿಯವನು ಹಾಳೆಯ ನಕಲು ಎತ್ತಿ ಹಿಡಿದು ಸಹಿ ಯಾರದು, ನಿಮ್ಮ ಗುಡ್ಡದವರೇ ಸಹಿ ಹಾಕಿದ್ದಾರಲ್ಲ, ಅವರಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದ. ಅಪ್ಪ ಕೂತುಬಿಟ್ಟ. ಸಂಜೆ ಮನೆಗೆ ಬಂದು ಟೋಪಿಯನ್ನು ಊಟದ ಮೇಜಿನ ಮೇಲೇ ಇಟ್ಟ, ಅಮ್ಮ ಯಾವತ್ತೂ ಬಿಡದ ಕೆಲಸ ಅದು. "ನನ್ನ ಮಗನ ಸಹಿ ತೋರಿಸಿ ನನ್ನ ಬಾಯಿ ಮುಚ್ಚಿಸಿದ್ರು" ಎಂದ. ನೀನು, "ಅಪ್ಪಾ, ಹಿಂದ್ಗಡೆ ಬರ್ದಿದ್ದೀನಿ" ಎಂದೆ. "ಬರ್ದಿದ್ರೆ ತೋರ್ಸು" ಎಂದ. ನೀನೇನು ತೋರಿಸುತ್ತೀ, ಹಾಳೆ ಕಂಪನಿಯಲ್ಲಿತ್ತು. ನೀನು ಎರಡು ಸಲ ಹೋಗಿ ಕೇಳಿದೆ, ಎರಡು ಸಲವೂ ಬಾಗಿಲಲ್ಲೇ ವಾಪಸು ಕಳಿಸಿದರು. ಸೆಪ್ಟೆಂಬರಿನಲ್ಲಿ ಕೊನೆಯ ದಿನ ನಿನ್ನ ಗಾಡಿ ಬಂದಾಗ ನಿಲ್ದಾಣದಲ್ಲಿ ಅರವತ್ತು ಜನರಿದ್ದರು. ಒಬ್ಬರೂ ಹತ್ತಲಿಲ್ಲ, ನಿನ್ನ ಹಿಂದೆ ಬರುವ ಗಾಡಿಗೆ ಕಾದರು. ನೀನು ಖಾಲಿ ಗಾಡಿಯನ್ನು ಗುಡ್ಡದ ಮೇಲಕ್ಕೆ ಒಯ್ದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮುಂದಿನ ವಾರ ನೀನು ಒಂದೇ ಪೆಟ್ಟಿಗೆ ಹಿಡಿದು ಹೊರಟೆ. ಆಮೇಲೆ ಅಮ್ಮನ ಮಣ್ಣಿಗೆ ಬಂದವನು ಚರ್ಚಿನ ಕೊನೆಯ ಬೆಂಚಿನ ಹಿಂದೆ ನಿಂತು, ಯಾರಿಗೂ ಮುಖ ತೋರಿಸದೆ ಹೋದೆ. ಅಪ್ಪನ ಮಣ್ಣಿಗೆ ಬರಲೇ ಇಲ್ಲ.

ಪ್ರಾಥರನ ಮಾತು ಕೇಳಿ ಬಂದವಳು ಆ ವಾರವೆಲ್ಲ ಒಂದೇ ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ಹಾಳೆಯ ಒಂದೇ ಬದಿ ಬರೆದು ಬಿಟ್ಟವರು ಯಾರಿದ್ದರು? ಕ್ಯಾಲೆಂಡರಿನ ಹಿಂದೆ ಅಮ್ಮನ ಅಂಗಡಿ ಪಟ್ಟಿ, ಆ ಪಟ್ಟಿಯ ಅಂಚಿನಲ್ಲಿ ಅಪ್ಪನ ಬೀಜದ ಲೆಕ್ಕ. ಬಿಳಿ ಬದಿ ಬಿಟ್ಟರೆ ಪಾಪ ಮಾಡಿದಂತೆ ನಮಗೆ. ಹಾಗಾದರೆ ಪ್ರಾಥರನ ಹತ್ತಿರ ಇರುವುದು ನಕಲು ತಾನೇ, ಅಸಲು ಎಲ್ಲಿ? ಕಂಪನಿ ಮುಚ್ಚಿದಾಗ ಅದರ ಕಾಗದಪತ್ರವೆಲ್ಲ ನಗರದ ಗ್ರಂಥಾಲಯಕ್ಕೆ ಹೋಗಿದೆ ಎಂದು ಅವನೇ ಹೇಳಿದ. ಅಲ್ಲಿನ ಹಳೇ ಕಾಗದಗಳ ವಿಭಾಗದಲ್ಲಿ ಡೆನಿಸ್ ಕ್ಯಾಲೊವೇ ಎಂಬಾಕೆ ಇದ್ದಾಳೆ. ನನ್ನಷ್ಟೇ ವಯಸ್ಸು, ಕನ್ನಡಕ ಸರದಲ್ಲಿ ತೂಗುಬಿಟ್ಟುಕೊಂಡಿರುತ್ತಾಳೆ. ಐದು ಮಂಗಳವಾರ ಅವಳ ಮುಂದೆ ಕೂತು ಪೆಟ್ಟಿಗೆ ಮೇಲೆ ಪೆಟ್ಟಿಗೆ ನೋಡಿದೆ. ಬ್ರೇಕಿನ ಕಟ್ಟಿಗೆಯ ಪಟ್ಟಿ, ಕಳೆದುಹೋದ ಕೊಡೆಗಳ ಪಟ್ಟಿ, ಯಾವುದೋ ಮೇಕೆ ಹಳಿಯ ಮೇಲೆ ಮಲಗಿದ್ದರ ಬಗ್ಗೆ ಮೂರು ಪುಟದ ವರದಿ. "ಇದಿಷ್ಟೂ ಯಾರಿಗೆ ಬೇಕಿತ್ತೋ" ಎಂದು ಡೆನಿಸ್ ನಗುತ್ತಿದ್ದಳು. ಹೋದ ಮಂಗಳವಾರ, ಹನ್ನೊಂದನೇ ಪೆಟ್ಟಿಗೆಯಲ್ಲಿ, ಅಸಲು ಸಿಕ್ಕಿತು.

ನಿನ್ನ ಸಹಿಯ ಕೆಳಗೆ, ಹಾಳೆಯ ಕಟ್ಟಕಡೆಯ ಅಂಚಿನಲ್ಲಿ, ಒಂದು ಸಣ್ಣ ಬಾಣದ ಗುರುತು ಇತ್ತು. ನಕಲು ತೆಗೆದವರು ಆ ಅಂಚನ್ನು ಬಿಟ್ಟುಬಿಟ್ಟಿದ್ದರು. ಬೇಕೆಂದೋ ತಿಳಿಯದೆಯೋ, ಅದು ಅವರವರ ದೇವರಿಗೆ ಗೊತ್ತು. ನಾನು ಹಾಳೆ ತಿರುಗಿಸಿದೆ. ಪೆನ್ಸಿಲ್ಲಿನಲ್ಲಿ ನಿನ್ನ ಆ ಕುರಿಹೆಜ್ಜೆ ಅಕ್ಷರ. ಉರು ಹೊಡೆದಿದ್ದೇನೆ, ಹಾಗೇ ಬರೆಯುತ್ತೇನೆ: "ಇವತ್ತು ನಮ್ಮ ಗುಡ್ಡದ ಶುಭ ಶುಕ್ರವಾರ. ಇವತ್ತು ಇಲ್ಲಿ ಯಾರೂ ಟ್ರಾಮ್ ಹತ್ತುವುದಿಲ್ಲ, ನಡೆಯುತ್ತಾರೆ. ಸಂಖ್ಯೆ ಸರಿ, ದಿನ ತಪ್ಪು. ನಾಳೆ ಬಂದು ಎಣಿಸಿ, ನಿಲ್ಲಲು ಜಾಗ ಇರುವುದಿಲ್ಲ. ನನಗೆ ರಜೆ ಕೊಡಲಿಲ್ಲ, ಅದಕ್ಕೆ ದಿನವಿಡೀ ನಿಂತೇ ಓಡಿಸಿದ್ದೇನೆ. ಇ. ಹ್ರಿಬಾಕ್." ಓದಿ ಮುಗಿಸುವಷ್ಟರಲ್ಲಿ ಡೆನಿಸ್ ನೀರಿನ ಲೋಟ ಹಿಡಿದು ಬಂದಿದ್ದಳು, ಅಳಬೇಡಿ ಎಂದಳು. ಅಳುತ್ತಿಲ್ಲ, ಬಯ್ಯುತ್ತಿದ್ದೇನೆ ಎಂದೆ. ಎರಡನ್ನೂ ಮಾಡುತ್ತಿದ್ದೆ.

ನೀನು ನಿಂತೇ ಓಡಿಸಿದ ವಿಷಯ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಐದರಿಂದ ಸಂಜೆ ಐದರವರೆಗೆ. ಆ ರಾತ್ರಿ ಅಮ್ಮ ಬಿಸಿನೀರಲ್ಲಿ ನಿನ್ನ ಕಾಲು ಇಡಿಸಿದ್ದು ನನಗೆ ನೆನಪಿದೆ. ಹೊಸ ಬೂಟು ಕಚ್ಚಿದೆ ಎಂದಿದ್ದೆ.

ಮೊನ್ನೆ ಗುರುವಾರ ಸಂಜೆ ಏಳಕ್ಕೆ ಸಂಘದ ಸಭೆ, ನಮ್ಮ ಚರ್ಚಿನ ನೆಲಮಾಳಿಗೆಯಲ್ಲೇ. ಶುಕ್ರವಾರ ಮಾರುವುದಕ್ಕೆ ಪಿರೋಹಿ ಕಡುಬು ಮಾಡುತ್ತ ನಮ್ಮ ಹೆಂಗಸರೆಲ್ಲ ಆ ಬದಿಯ ಮೇಜಿನಲ್ಲೇ ಇದ್ದರು. ಹಿಟ್ಟು ಲಟ್ಟಿಸಿ, ಆಲೂಗಡ್ಡೆ ತುಂಬಿ, ಅಂಚು ಒತ್ತುವ ಕೆಲಸ. ಅಂಚು ಒತ್ತುವುದಕ್ಕೆ ಮೆಲಾನಿಯಾಳೇ ಮೇಸ್ತ್ರಿ. ಡೆನಿಸ್ ಅಸಲು ಹಾಳೆಯನ್ನು ತಾನೇ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಂದಿದ್ದಳು. ನಾನು ಅದನ್ನು ಪ್ರಾಥರನ ಕೈಗೆ ಕೊಟ್ಟು, ಮೊದಲು ಮುಂದಿನದು ಓದಿ, ಆಮೇಲೆ ತಿರುಗಿಸಿ, ಜೋರಾಗಿ ಎಂದೆ. ಓದಿದ. ಹಿಟ್ಟಿನ ಮೇಜಿನಲ್ಲಿ ಲಟ್ಟಣಿಗೆ ನಿಂತವು. ಪ್ರಾಥರ್ ಇನ್ನೊಮ್ಮೆ, ತನಗೇ ಎಂಬಂತೆ ಓದಿಕೊಂಡ. ಕನ್ನಡಕ ತೆಗೆದು "ನಾನು ಒಂಬತ್ತು ವರ್ಷದಿಂದ ತಪ್ಪು ಹೇಳ್ಕೊಂಡು ತಿರುಗಾಡಿದೀನಿ. ಕ್ಷಮಿಸಿ" ಎಂದ. ಕಾಗದವನ್ನು ನಂಬುವವನಲ್ಲವೇ, ಕಾಗದವೇ ಹೇಳಿದ ಮೇಲೆ ಚಕಾರವೆತ್ತಲಿಲ್ಲ. ಅದಕ್ಕೇ ಅವನನ್ನು ಒಳ್ಳೆಯ ಮನುಷ್ಯ ಎಂದದ್ದು.

ಆಮೇಲೆ ಬೋರ್ಡಿನ ಮಾತು ಬಂತು. ಇಷ್ಟೆಲ್ಲ ಬರೆಯಲು ಬೋರ್ಡಿನಲ್ಲಿ ಜಾಗ ಇಲ್ಲವಲ್ಲ ಎಂದು ಯಾರೋ ರಾಗ ಎಳೆದರು. ಬೋರ್ಡಿಗೂ ಹಿಂಬದಿ ಅಂತ ಒಂದು ಇರುತ್ತದೆ ಎಂದೆ. ಎಲ್ಲರೂ ನಕ್ಕರು, ಪ್ರಾಥರ್ ನಗದೆ ಬರೆದುಕೊಂಡ. ಈಗ ಮುಂಬದಿಯ ಕೊನೆಯ ಸಾಲು ಹೀಗಿರುತ್ತದೆ: "ಗುಡ್ಡದವರು ನಡೆಯುವ ದಿನ ಬಂದು ಎಣಿಸಿದ್ದರಿಂದ 1964ರಲ್ಲಿ ನಿಂತಿತು." ಹಿಂಬದಿಯಲ್ಲಿ ನೀನು ಬರೆದದ್ದು ಪೂರ್ತಿ, ದೊಡ್ಡ ಅಕ್ಷರದಲ್ಲಿ, ನಿನ್ನ ಹೆಸರಿನ ಸಮೇತ.

ಮೆಲಾನಿಯಾ ಏನೆಂದಳು ಕೇಳು. ಸಭೆ ಮುಗಿದರೂ ಎದ್ದಿರಲಿಲ್ಲ, ಕೈತುಂಬ ಹಿಟ್ಟು. "ಏನೇ ತೆಕ್ಲಾ, ಮೂವತ್ತೈದು ವರ್ಷ ಅವನನ್ನ ಬೈಕೊಂಡೇ ಹೊತ್ತು ಕಳೆದೆ. ಇನ್ನೇನು ಮಾಡ್ಲಿ ಈ ಬಾಯಿಗೆ?" ಎಂದಳು. ಕಡುಬು ತಿನ್ನು ಅಜ್ಜಿ ಎಂದೆ. "ತಮಾಷೆ ಅಲ್ಲ ಕಣೇ. ಕೊನೇ ದಿನ ಹತ್ತಬೇಡಿ ಅಂತ ಎಲ್ಲರಿಗೂ ಹೇಳಿದೋಳು ನಾನೇ. ಅವನಿಗೆ ಬರಿ, ಮೆಲಾನಿಯಾ ತಪ್ಪಾಯ್ತು ಅಂದ್ಲು ಅಂತ ಬರಿ. ಅಲ್ಲಲ್ಲ, ಬರೀಬೇಡ, ಬಂದ್ರೆ ನಾನೇ ಹೇಳ್ತೀನಿ" ಎಂದಳು. ಬರೆದುಬಿಟ್ಟಿದ್ದೇನೆ, ಅವಳಿಗೆ ಹೇಳಬೇಡ.

ನಿನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಫಾದರ್ ರೋಮನ್ ಆ ಆರು ಸಾಲನ್ನೂ ಪೀಠದ ಮುಂದೆ ನಿಂತು ಓದಿದರು. ಹೊರಗೆ ಬಂದಾಗ ಜನ ನನ್ನ ಕೈ ಹಿಡಿದುಕೊಳ್ಳಲು ಸಾಲು ನಿಂತರು, ನಾನೇ ಮದುಮಗಳೋ ಎಂಬಂತೆ. ಎಷ್ಟು ಹೆಮ್ಮೆಯಾಯಿತು ಎಂದರೆ ಪಾಪ ನಿವೇದನೆಯಲ್ಲಿ ಹೇಳಿಕೊಳ್ಳಬೇಕಾದಷ್ಟು. ಅಲ್ಲಿಂದ ನೇರ ಸ್ಮಶಾನಕ್ಕೆ ಹೋಗಿ ಅಪ್ಪನಿಗೂ ಓದಿ ಹೇಳಿದೆ. ಅವನು ಜವಾಬು ಕೊಡಲಿಲ್ಲ, ಬದುಕಿದ್ದಾಗಲೂ ಕೊಡುತ್ತಿದ್ದವನಲ್ಲ. ಆದರೆ ಒಂದು ವಿಷಯ ನಿನಗೆ ಗೊತ್ತಿಲ್ಲ. ಟ್ರಾಮ್ ನಿಂತ ಮೇಲೆ ಅದರ ಬದಲು ಬಂದ ಬಸ್ಸನ್ನು ಅಪ್ಪ ಒಂದು ದಿನವೂ ಹತ್ತಲಿಲ್ಲ. ಕಾರ್ಖಾನೆಯಿಂದ ನಿವೃತ್ತನಾಗುವವರೆಗೆ ಆರು ವರ್ಷ, ಹಿಮದಲ್ಲೂ, ನಡೆದೇ ಹೋಗಿ ಬಂದ. ಯಾಕೆಂದು ಕೇಳಿದರೆ "ನನ್ನ ಮಗನ ಗಾಡಿ ಹತ್ತಿದ ಮೇಲೆ ಇದೇನು ಹತ್ತೋದು" ಎನ್ನುತ್ತಿದ್ದ. ಸಿಟ್ಟಿನಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಿದ್ದೆವು. ಈಗ ಹಾಗನ್ನಿಸುತ್ತಿಲ್ಲ.

ಇನ್ನೊಂದು ತಮಾಷೆ ಹೇಳಿ ಮುಗಿಸುತ್ತೇನೆ. ಶನಿವಾರ ಪ್ರಾಥರ್ 312ನ್ನು ತಾನೇ ಓಡಿಸಿ ನೋಡಿದ. ಬೆಳಿಗ್ಗೆ ತುಂತುರು ಬಿದ್ದಿತ್ತು. ಬರ್ಕೊ ಮನೆಯ ಹಿಂದಿನ ಆ ಮೂರನೇ ತಿರುವಿನಲ್ಲಿ ಗಾಡಿ ಹತ್ತಲೇ ಇಲ್ಲ, ಚಕ್ರ ಸುಮ್ಮನೆ ತಿರುಗಿ ಮೆಲ್ಲಗೆ ಹಿಂದಕ್ಕೆ ಜಾರಿತು. ಮೂರು ಸಲ ಹೀಗೇ ಆಯಿತು. ಚಕ್ರ ಜಾರದಂತೆ ಹಳಿಗೆ ಸುರಿಯುವ ಮರಳನ್ನು ಎಲ್ಲಿ ಬಿಟ್ಟಿರಿ ಎಂದು ಕೇಳಿದೆ. ತಿರುವಿನಲ್ಲಿ ಎಂದ. "ತಿರುವಲ್ಲಿ ಮರಳು ಬಿಡೋನು ದಡ್ಡ, ತಿರುವಿಗೆ ಮುಂಚೆ ಬಿಡೋನು ಚಾಲಕ" ಎಂದು ನೀನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದದ್ದನ್ನು ಹೇಳಿದೆ. ನಾಲ್ಕನೇ ಸಲ ಹತ್ತಿತು, ಆದರೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಪ್ರಾಥರ್ ಕೆಳಗಿಳಿದವನು ನನ್ನನ್ನೇ ನೋಡುತ್ತ ನಿಂತಿದ್ದ.

ಲೊರೇನ್ ಅತ್ತಿಗೆಗೆ ನನ್ನ ಮುತ್ತು. ಪೀಟರ್ ನಿನ್ನನ್ನು ಕೇಳಿದ್ದಾನೆ, ಕೋಸು ಬೇಕಾದರೆ ಕಳಿಸುತ್ತಾನಂತೆ. ನಿನ್ನ ಮೊಣಕಾಲನ್ನೂ, ನಿನ್ನ ಹಟವನ್ನೂ ದೇವರ ತಾಯಿ ಕಾಯಲಿ, ಮೊದಲನೆಯದನ್ನು ಸ್ವಲ್ಪ ಹೆಚ್ಚಾಗಿ.

ನಿನ್ನ ತಂಗಿ,
ತೆಕ್ಲಾ

ಮರೆತ ಮಾತು, ಕೊನೆಯ ಹಾಳೆಯ ಹಿಂಬದಿಯಲ್ಲಿ: ಅಂಚೆಯವಳು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪ ನಂಬಲಿಲ್ಲ, ಗುಡ್ಡದವರು ನಂಬಲಿಲ್ಲ ಎಂದು ಇಷ್ಟು ವರ್ಷ ನಿನಗೆ ಬರೆದೆ. ಅಣ್ಣಾ, ನಾನೂ ನಂಬಿರಲಿಲ್ಲ. ಆ ಸಂಜೆ "ಹಿಂದ್ಗಡೆ ಬರ್ದಿದ್ದೀನಿ" ಎಂದಾಗ ನೀನು ಮೊದಲು ನೋಡಿದ್ದು ಅಪ್ಪನನ್ನಲ್ಲ, ನನ್ನನ್ನು. ನಾನು ಸೂಪಿನ ತಟ್ಟೆ ನೋಡಿದೆ. ಪೀಟರ್ ಜೊತೆ ಮದುವೆಯ ಮಾತುಕತೆಯಾಗಿ ಒಂದೇ ತಿಂಗಳಾಗಿತ್ತು, ಅವನ ತಾಯಿ ಏನೆನ್ನುತ್ತಾಳೋ ಎಂಬ ಭಯ. ಅದಕ್ಕೇ ಐದು ಮಂಗಳವಾರ ಪೆಟ್ಟಿಗೆ ತೆಗೆದದ್ದು. ಬೋರ್ಡಿಗಲ್ಲ. ಏಪ್ರಿಲ್ ಹತ್ತು, ಮಧ್ಯಾಹ್ನ ಮೂರಕ್ಕೆ, ಗುಡ್ಡದ ಬುಡದಿಂದ 312 ಹೊರಡುತ್ತದೆ. ಚಾಲಕನ ಹೆಸರಿನ ಜಾಗದಲ್ಲಿ ಪ್ರಾಥರ್ ಇ. ಹ್ರಿಬಾಕ್ ಎಂದು ಈಗಾಗಲೇ ಬರೆದಿದ್ದಾನೆ, ನನ್ನನ್ನು ಕೇಳಿಯೇ. ಈ ಸಲ ಕೂತು ಓಡಿಸು, ಸ್ಟೂಲು ಇದೆ. ಇಡೀ ಗುಡ್ಡ ಬುಟ್ಟಿ ಹಿಡಿದು ನಿನ್ನ ಗಾಡಿಗೇ ಕಾಯುತ್ತದೆ, ಮೊದಲು ಹತ್ತುವವಳು ಮೆಲಾನಿಯಾ, ಎರಡನೆಯವಳು ನಾನು. ನೀನು ಈ ಹಾಳೆ ತಿರುಗಿಸಿ ನೋಡುತ್ತೀಯೆಂದು ಗೊತ್ತಿದ್ದೇ ಇಲ್ಲಿ ಬರೆದೆ. ನಾವು ನೋಡಲಿಲ್ಲ. ಬಾ.